ಕೆಳಗಿಟ್ಟ ಚಾಕು

ಹೋದ ತಿಂಗಳು ಖಾನಾಪುರಕ್ಕೆ ಹೊರಟಿದ್ದ ಪ್ಯಾಸೆಂಜರ್ ರೈಲು ದೇಸೂರಿನಲ್ಲಿ ಕ್ರಾಸಿಂಗಿಗೆಂದು ನಿಂತಿತು. ಎದುರು ಸೀಟಿನಲ್ಲಿದ್ದ ವಯಸ್ಸಾದವರೊಬ್ಬರು ಕಿಸೆಯಿಂದ ಮಡಚುವ ಚಾಕು ತೆಗೆದು, ತೊಡೆಯ ಮೇಲೆ ಟವೆಲ್ಲು ಹಾಸಿಕೊಂಡು ಪೇರಲ ಹಣ್ಣು ಹೆಚ್ಚತೊಡಗಿದರು. ರೈಲು ಡಬ್ಬಿಯ ತುಂಬ ಪೇರಲದ ವಾಸನೆ. ಒಂದು ಹೋಳಿಗೆ ಉಪ್ಪುಖಾರ ಸವರಿ ನನ್ನ ಕಡೆ ಚಾಚಿ, “ಘ್ಯಾ ಬಾಯಿ,” ತಗೊಳ್ಳಿ ಎಂದು ಮರಾಠಿಯಲ್ಲಿ ಹೇಳಿದರು. ತೆಗೆದುಕೊಂಡೆ. ತಿನ್ನಲು ಆಗಲಿಲ್ಲ. ಹೋಳನ್ನು ಬೆರಳ ನಡುವೆ ಹಿಡಿದುಕೊಂಡು ಕಿಟಕಿಯಾಚೆ ಊರ ಹೆಸರಿನ ಹಳದಿ ಬೋರ್ಡನ್ನೇ ನೋಡುತ್ತ ಕುಳಿತೆ.

ಎಂಟು ವರ್ಷಗಳಲ್ಲಿ ಈ ಬೋರ್ಡನ್ನು ಎಷ್ಟೋ ಸಲ ದಾಟಿ ಹೋಗಿದ್ದೇನೆ. ಪ್ರತಿ ಸಲವೂ ದೇಸೂರು ಬಂತೆಂದರೆ ನನಗೆ ಮೊಬೈಲಿನಲ್ಲಿ ಏನಾದರೊಂದು ತುರ್ತು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಇಲ್ಲವೇ ನಿದ್ದೆ ಬರುತ್ತಿತ್ತು. ಈ ಊರಿನಲ್ಲಿ ನಾನು ಮುಖ ತೋರಿಸಲಾರದ ಒಬ್ಬ ಮನುಷ್ಯನಿದ್ದಾನೆ. ಅವನ ಹೆಸರು ಬಾಳಪ್ಪ.

ನಾನು ಬೆಳಗಾವಿಯ ಶಹಾಪುರದವಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಆ ವರ್ಷ ಜೂನ್ ತಿಂಗಳಲ್ಲಿ ನನ್ನನ್ನು ಖಾನಾಪುರಕ್ಕೆ ವರ್ಗ ಮಾಡಿದರು. ಮನೆಯಿಂದ ರೈಲಿನಲ್ಲಿ ಒಂದು ತಾಸೂ ಇಲ್ಲದ ಊರು. ಆದರೂ ನನ್ನನ್ನು ಅಂಡಮಾನಿಗೆ ಅಟ್ಟಿದರೆಂಬಂತೆ ಅತ್ತೆ. ಕೆಲಸಕ್ಕೆ ಹಾಜರಾದ ಮರುದಿನವೇ, ವಾಪಸು ಬೆಳಗಾವಿಗೆ ಹಾಕಿಕೊಡಿ ಎಂದು ಅರ್ಜಿ ಬರೆದೆ. ಆ ಅರ್ಜಿ ಬೆಳಗಾವಿಯ ನಮ್ಮ ದೊಡ್ಡ ಕಚೇರಿಯ ದೊಡ್ಡ ಸಾಹೇಬರ ಮೇಜಿನ ಮೇಲೆ ಕುಳಿತಿತ್ತು. ಆ ವರ್ಷವಿಡೀ ನನ್ನ ಜೀವವೂ ಅಲ್ಲೇ ಕುಳಿತಿತ್ತು.

ಬಾಳಪ್ಪ ನಮ್ಮ ಕಚೇರಿಯ ಜವಾನ. ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲೇ ದುಡಿಯುತ್ತಿದ್ದ. ಕುರಿ ಕಾಯುವ ಮನೆತನದವನು, ತಮ್ಮಂದಿರಿಗೆ ಕುರಿ ಬಿಟ್ಟುಕೊಟ್ಟು ಸರ್ಕಾರದ ನೆರಳಿಗೆ ಬಂದಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ನಾನು ‘ಬಾಳಪ್ಪಾ, ಇಲ್ಲಿ ಬಾ’ ಎಂದೇ ಕರೆಯುತ್ತಿದ್ದೆ. ಅವನು ನನಗೆ ‘ಅಕ್ಕಾರ’ ಎನ್ನುತ್ತಿದ್ದ. ದಿನಾ ದೇಸೂರಿನಲ್ಲಿ ನಾನಿದ್ದ ಡಬ್ಬಿಯನ್ನೇ ಹುಡುಕಿ ಹತ್ತುತ್ತಿದ್ದ.

ಅವನ ಅಂಗಿಯ ಒಳಗಿಸೆಯಲ್ಲಿ ಒಂದು ಮಡಚುವ ಚಾಕು ಇರುತ್ತಿತ್ತು. ಅವನ ಅಪ್ಪನದು. ಲಾರಿಯ ಸ್ಪ್ರಿಂಗಿನ ಪಾಟಾ ತಟ್ಟಿ ಕಮ್ಮಾರನೊಬ್ಬ ಮಾಡಿಕೊಟ್ಟದ್ದು, ಹಿಡಿಕೆ ಟಗರಿನ ಕೊಂಬಿನದು. ಮಸೆದು ಮಸೆದು ಅಲಗಿನ ಅಗಲ ಕಿರುಬೆರಳಿನಷ್ಟೇ ಉಳಿದಿತ್ತು. ಮೊದಲ ದಿನ ಅದರಿಂದಲೇ ಪೇರಲ ಹೆಚ್ಚಿಕೊಟ್ಟಾಗ ಈ ಚಾಕುವಿನಿಂದ ಮನೆಯಲ್ಲಿ ಏನೇನು ಮಾಡುತ್ತೀ ಎಂದು ಕೇಳಿದೆ. ತಮ್ಮಂದಿರ ಕುರಿಗಳ ಗೊರಸು ಕೆತ್ತುತ್ತೇನೆ, ಮರಿ ಹಾಕಿದಾಗ ಹೊಕ್ಕಳ ಬಳ್ಳಿ ಕೊಯ್ಯುತ್ತೇನೆ ಎಂದ. ನನ್ನ ಬಾಯಲ್ಲಿದ್ದ ಹೋಳು ಅಲ್ಲೇ ನಿಂತಿತು. “ಬಿಸಿನೀರಾಗ ತೊಳದೇನ್ರಿ ಅಕ್ಕಾರ, ನಿಮ್ಮ ಮನಿ ಚಮಚಾಕಿಂತ ಚೊಕ್ಕ ಐತಿ,” ಎಂದು ನಕ್ಕ.

ಆ ಚಾಕು ಕೇಳಿದರೆ ಅವನು ಎಂದೂ ಕೈಗೆ ಕೊಡುತ್ತಿರಲಿಲ್ಲ. ಮಡಚಿ ಮೇಜಿನ ಮೇಲೋ ಬೆಂಚಿನ ಮೇಲೋ ಇಡುತ್ತಿದ್ದ. ನಾವೇ ಎತ್ತಿಕೊಳ್ಳಬೇಕು. ವಾಪಸು ಕೊಡುವಾಗಲೂ ಕೆಳಗೇ ಇಡಬೇಕು. ಒಂದು ಸಲ ಅವಸರದಲ್ಲಿ ನಾನು ವಾಪಸು ಕೊಡಲು ಕೈ ಚಾಚಿದರೆ ಬಿಸಿ ತಗಲಿದಂತೆ ಹಿಂದೆ ಸರಿದ. “ಕೈಯಿಂದ ಕೈಗೆ ಚಾಕು ಕೊಡಬಾರದ್ರಿ. ನಡುವಿನ ನಂಟು ಕೊಯ್ದು ಹೋಗತೈತಿ. ಕೆಳಗ ಇಡ್ರಿ, ಭೂಮಿ ಕೊಟ್ಟಂಗ ಆಕೈತಿ.” ನಮ್ಮ ಅವ್ವನೂ ಉಪ್ಪು ಕೈಗೆ ಕೊಡುತ್ತಿರಲಿಲ್ಲ. ಹಾಗಾಗಿ ನನಗೆ ಇದು ವಿಚಿತ್ರವೆನಿಸಲಿಲ್ಲ.

ಆ ಮಳೆಗಾಲ ಖಾನಾಪುರದ ಕಚೇರಿ ನಡೆದದ್ದೇ ಆ ಚಾಕುವಿನಿಂದ ಎಂದರೆ ಸುಳ್ಳಲ್ಲ. ತಿಂಗಳುಗಟ್ಟಲೆ ಬಿಸಿಲಿಲ್ಲ. ಮಲಪ್ರಭೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಕಡತಗಳಿಗೆ ಕಟ್ಟಿದ ದಾರ ನೀರುಂಡು ಗಂಟು ಬಿಗಿದು ಉಗುರಿಗೆ ಬಗ್ಗುತ್ತಿರಲಿಲ್ಲ. ಅವನು ಚಾಕುವಿನ ತುದಿ ತೂರಿಸಿ ದಾರ ಹರಿಯದಂತೆ ಗಂಟು ಸಡಿಲಿಸುತ್ತಿದ್ದ. ಉಬ್ಬಿ ಹಾಕಿಕೊಳ್ಳದ ಬಾಗಿಲಿನ ಅಂಚು ಹೆರೆದ, ನನ್ನ ಛತ್ರಿಯ ಮುರಿದ ಕಡ್ಡಿಗೆ ಬಿದಿರಿನ ಸಿಬಿರು ಕಟ್ಟಿದ, ಜಾಂಬೋಟಿ ಕಡೆಯಿಂದ ನೆನೆದು ಬಂದ ಮುದುಕಿಯೊಬ್ಬಳ ಕಾಲಿಗೆ ಹತ್ತಿದ್ದ ಜಿಗಣೆಯನ್ನು ಅಲಗು ಅಡ್ಡ ಹಿಡಿದು ಎಬ್ಬಿಸಿದ. ಅವಳು ಮರಾಠಿಯಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಿ, ನಾನು ಕನ್ನಡದಲ್ಲಿ ಬೈದದ್ದನ್ನು ಅವಳಿಗೆ ಮರಾಠಿಯಲ್ಲಿ ಮೆತ್ತಗೆ ಮಾಡಿ ಹೇಳಿದ. ದಸರಾ ಬರುವ ಹೊತ್ತಿಗೆ ಚಾಕು ಅವನ ಕಿಸೆಗಿಂತ ನನ್ನ ಮೇಜಿನ ಮೇಲೇ ಹೆಚ್ಚು ಇರುತ್ತಿತ್ತು. ಅದಿಲ್ಲದೆ ಪೆನ್ಸಿಲ್ ಕೂಡ ಕೆತ್ತಲಾರೆ ಎನ್ನುವಷ್ಟು ರೂಢಿಯಾಗಿತ್ತು ನನಗೆ.

ಡಿಸೆಂಬರಿನಲ್ಲಿ ಸುದ್ದಿ ಬಂತು. ದಿನಗೂಲಿಯವರಲ್ಲಿ ಹತ್ತು ವರ್ಷ ದಾಟಿದವರನ್ನು ಕಾಯಂ ಮಾಡುತ್ತಾರಂತೆ. ಒಂದೇ ದಿನ ಬೆಳಗಾವಿಯ ದೊಡ್ಡ ಕಚೇರಿಯಲ್ಲಿ ದಾಖಲೆ ನೋಡುತ್ತಾರೆ, ಖುದ್ದು ಹಾಜರಿರಬೇಕು. ಬಾಳಪ್ಪನ ಕಡತ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ಆ ವಾರವಿಡೀ ಕಚೇರಿಯ ನೆಲವನ್ನು ಎರಡೆರಡು ಸಲ ಒರೆಸಿದ. ಕಾಯಂ ಆದರೆ ಹೆಂಡತಿಯನ್ನು ಕೂಲಿಗೆ ಕಳಿಸುವುದಿಲ್ಲ ಎಂದು ಒಂದು ಸಲ ಹೇಳಿದ್ದ. ಮತ್ತೆ ಹೇಳಲಿಲ್ಲ, ಹೇಳಿದರೆ ದೃಷ್ಟಿಯಾಗುತ್ತದೆಂಬಂತೆ.

ಹಿಂದಿನ ಸಂಜೆ ರೈಲಿನ ಅವಸರದಲ್ಲಿ ನಾನೇ ಆ ಚಾಕುವಿನಿಂದ ಕಡತದ ಗಂಟು ಬಿಡಿಸಿ, ಕಾಗದಗಳನ್ನು ಜೋಡಿಸಿ, ಎಲ್ಲವನ್ನೂ ನನ್ನ ಬ್ಯಾಗಿಗೆ ತುಂಬಿದೆ. ಬಾಗಿಲು ಹಾಕುವಾಗ ಬಾಳಪ್ಪ ಮೇಜಿನ ಮೇಲೆ ಕಣ್ಣಾಡಿಸಿದ.

“ಅಕ್ಕಾರ, ಚಾಕು ಕಂಡ್ರೇನ್ರಿ?”

“ಡ್ರಾಯರಿನಾಗ ಇರಬೇಕು ನೋಡು. ನಾಡಿದ್ದು ಹುಡುಕೂಣಂತ, ರೈಲಿಗೆ ಹೊತ್ತಾತು.”

“ಇರ್ಲಿ ಬಿಡ್ರಿ. ನಾಳೆ ಹೆಂಗಾದ್ರೂ ಅದು ಬ್ಯಾಡ. ಅಧಿವೇಶನ ನಡದೈತಿ, ಗೇಟಿನಾಗ ಹಿಡೀತಾರ.”

ಮರುದಿನ ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದ ಬಾಳಪ್ಪನನ್ನು ನಾನು ಗುರುತು ಹಿಡಿಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಹೊಸ ಪಟಕಾ, ಮಗನ ಬೂಟು. ಕಿಸೆಗಳನ್ನು ಹೊರಗೆಳೆದು ತೋರಿಸಿದ. ಸುಣ್ಣದ ಡಬ್ಬಿಯನ್ನೂ ಮನೆಯಲ್ಲಿ ಇಟ್ಟು ಬಂದಿದ್ದ, ಅದೂ ತಗಡಿನದಲ್ಲವೇ ಎಂದು. ಅಷ್ಟು ಜೋಪಾನದ ಮನುಷ್ಯ.

ವಿಧಾನಮಂಡಲದ ಅಧಿವೇಶನಕ್ಕೆಂದು ಊರ ತುಂಬ ಪೊಲೀಸರಿದ್ದರು. ದೊಡ್ಡ ಕಚೇರಿಯ ಗೇಟಿನಲ್ಲಿ ಉದ್ದದ ಸಾಲು. ಬಾಳಪ್ಪ ತಪಾಸಣೆ ಮುಗಿಸಿ ಒಳಗೆ ಹೋಗಿ ನಿಂತು ನನಗಾಗಿ ಕಾಯುತ್ತಿದ್ದ. ಲೇಡಿ ಕಾನ್‌ಸ್ಟೇಬಲ್ ನನ್ನ ಬ್ಯಾಗಿಗೆ ಕೈ ಹಾಕಿದರು. ಊಟದ ಡಬ್ಬಿ, ಛತ್ರಿ, ಕಡತ. ಆಮೇಲೆ ಆ ಕೊಂಬಿನ ಹಿಡಿಕೆ.

“ಇದು ಯಾರದು?”

ಇಷ್ಟೇ ಕೇಳಿದ್ದು. ನನ್ನದಲ್ಲ, ನನ್ನ ಕೈತಪ್ಪಿನಿಂದ ಬಂದಿದೆ, ಕಚೇರಿ ಕೆಲಸದ ಚಾಕು ಎಂದಿದ್ದರೆ ಅದನ್ನು ಡಬ್ಬದಲ್ಲಿ ಹಾಕಿಕೊಂಡು ನಾಲ್ಕು ಮಾತು ಬೈದು ಬಿಡುತ್ತಿದ್ದರೇನೋ. ಆದರೆ ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಇಣುಕಿದರು. ಯಾರೋ ‘ಚೂರಿ, ಚೂರಿ’ ಎಂದರು. ಒಬ್ಬ ಪೊಲೀಸ್ ಸಾಹೇಬರು ಕುರ್ಚಿಯಿಂದ ಎದ್ದರು. ನನ್ನ ಹೆಸರು ಬರೆದುಕೊಂಡರೆ, ಅದು ಮೇಲಿನ ಮಹಡಿಗೆ ಹೋದರೆ, ನನ್ನ ವರ್ಗದ ಅರ್ಜಿ ಏನಾಗಬೇಕು? ಇದೆಲ್ಲ ಒಂದು ಕ್ಷಣದಲ್ಲಿ ಹೊಳೆಯಿತು. ಲೆಕ್ಕ ಹಾಕಿಯೇ ಮಾತಾಡಿದೆ. ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಈಗ ಹೇಳಲಾರೆ.

“ನಂದಲ್ರಿ. ಅವರದು,” ಎಂದು ಬಾಳಪ್ಪನ ಕಡೆ ಬೆರಳು ಮಾಡಿದೆ.

“ಮತ್ತ ನಿಮ್ಮ ಬ್ಯಾಗಿನಾಗ ಹೆಂಗ ಬಂತು?”

“ಗೊತ್ತಿಲ್ರಿ. ಅವರ ಇಟ್ಟಿರಬೇಕು.”

ಬಾಳಪ್ಪ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕುರಿ ಎಣಿಸುವಾಗ ಒಂದು ಕಡಿಮೆ ಬಿದ್ದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದ. ಆಮೇಲೆ ಮುಂದೆ ಬಂದು ಹೇಳಿದ, “ಹೌದ್ರಿ, ನಂದ ಐತಿ. ಅಕ್ಕಾರದೇನೂ ತಪ್ಪಿಲ್ಲ. ಅವರನ್ನ ಒಳಗ ಬಿಡ್ರಿ.”

ಬಿಟ್ಟರು. ಹೆಂಗಸಿನ ಬ್ಯಾಗಿನಲ್ಲಿ ಚಾಕು ಅಡಗಿಸಿ ಒಳಗೆ ತರಲು ನೋಡಿದ ಗಂಡಸನ್ನು ಯಾರು ಸುಮ್ಮನೆ ಬಿಟ್ಟಾರು? ಅವನನ್ನು ಗೇಟಿನ ಬಾಜುವಿನ ಪೊಲೀಸ್ ಚೌಕಿಯ ಕಡೆ ಕರೆದುಕೊಂಡು ಹೋದರು. ನಾನು ಕಡತ ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ.

ಮೇಲೆ ದೊಡ್ಡ ಸಾಹೇಬರು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಮಧ್ಯಾಹ್ನ ಒಂದಾಯಿತು, ಎರಡಾಯಿತು. ಬಾಳಪ್ಪನ ಹೆಸರು ಬಂತು. ಕಡತ ತೆರೆದು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಎಲ್ರಿ ನಿಮ್ಮ ಮನುಷ್ಯ?” ಎಂದು ಕೇಳಿದರು. ಅವನು ಇದೇ ಕಟ್ಟಡದ ಕೆಳಗೆ, ನಲವತ್ತು ಮೆಟ್ಟಿಲು ಇಳಿದರೆ ಸಿಗುವಷ್ಟು ಹತ್ತಿರದಲ್ಲಿದ್ದ. ಹೇಳಿದ್ದರೆ ಅವರು ಒಬ್ಬರನ್ನು ಕಳಿಸಿ ಕರೆಸುತ್ತಿದ್ದರು. ಆದರೆ ಚಾಕು ಎಲ್ಲಿ ಸಿಕ್ಕಿತೆಂದೂ ಕೇಳುತ್ತಿದ್ದರು.

“ಗೊತ್ತಿಲ್ರಿ ಸರ್,” ಎಂದೆ.

ಅವರು ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’ ಎಂದು ಬರೆದು ಮುಂದಿನ ಕಡತ ತೆಗೆದುಕೊಂಡರು. ನಾನು ಹಿಂದಿನ ಗೇಟಿನಿಂದ ಹೊರಬಿದ್ದೆ. ದೂರದಿಂದ ನೋಡಿದರೆ ಚೌಕಿಯ ಪಕ್ಕದ ಮರದ ಬುಡದಲ್ಲಿ ಪಟಕಾ ತೊಡೆಯ ಮೇಲಿಟ್ಟುಕೊಂಡು ಬಾಳಪ್ಪ ಕುಳಿತಿದ್ದ. ಆಟೋ ಹಿಡಿದು ಮನೆಗೆ ಹೋದೆ. ಹೊಟ್ಟೆ ತುಂಬ ಉಂಡೆ. ಅದನ್ನೂ ಬರೆಯಬೇಕು.

ಮರುದಿನ ದೇಸೂರಿನಲ್ಲಿ ಅವನು ನನ್ನ ಡಬ್ಬಿಗೇ ಹತ್ತಿದಾಗ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಚೀಲದಿಂದ ಎರಡು ಪೇರಲ ತೆಗೆದ. ಅಭ್ಯಾಸಬಲದಿಂದ ಕೈ ಒಳಗಿಸೆಗೆ ಹೋಯಿತು, ಖಾಲಿ ಬಂತು. ಒಂದು ಹಣ್ಣನ್ನು ಇಡಿಯಾಗಿ ನನ್ನ ಬಾಜು ಇಟ್ಟು, ಇನ್ನೊಂದನ್ನು ಹಲ್ಲಿನಿಂದ ಕಚ್ಚಿದ. ಸಂಜೆಯವರೆಗೆ ಕೂರಿಸಿ ಬಿಟ್ಟರೆಂದ. ಚಾಕು ಕೊಡಲಿಲ್ಲವೆಂದ. ಬಯ್ಯುತ್ತಾನೆಂದು ಕಾದೆ. ಬಯ್ದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

“ಒಂದ ಅರ್ಜಿ ಬರದ ಕೊಡ್ರಿ ಅಕ್ಕಾರ. ಚೌಕಿ ಬುಕ್ಕಿನಾಗ ನನ್ನ ಹೆಸರ ಬರ್ಕೊಂಡಾರ, ಬಂದ ಟೈಮ್ ಸುದ್ದಾ ಬರ್ದಾರ. ಸಾಹೇಬ್ರು ಅದನ್ನ ತರಿಸಿ ನೋಡಿದ್ರ, ನಾ ಗೇಟಿಗೆ ಬಂದಿದ್ದೆ ಅನ್ನೂದು ಖರೇ ಆಕೈತಿ.”

ಎಷ್ಟು ಸರಿಯಾಗಿ ಯೋಚಿಸಿದ್ದ! ನಾನು ಓದಿದವಳು, ಅವನಿಗೆ ಬುದ್ಧಿ ಹೇಳಿದೆ: ಪೊಲೀಸ್, ಚಾಕು ಎಂದೆಲ್ಲ ಕಾಗದದಲ್ಲಿ ಬಂದರೆ ಇರುವ ಕೆಲಸಕ್ಕೂ ಕುತ್ತು. ಅವನು ತಲೆಯಾಡಿಸಿದ. “ನಿಮಗ ತಿಳೀತೈತ್ರಿ.” ಬರೆದೆ. ‘ಅನಾರೋಗ್ಯದ ನಿಮಿತ್ತ ಸದರಿ ದಿನ ಹಾಜರಾಗಲು ಸಾಧ್ಯವಾಗಿರುವುದಿಲ್ಲ.’ ಗುಮಾಸ್ತರ ಕೈ ತಾನಾಗಿ ಬರೆಯುವ ವಾಕ್ಯ ಅದು. ನಾಲ್ಕು ರಜೆಗೊಂದು ಸಲ ನಾವೆಲ್ಲ ಬರೆಯುವಂಥದ್ದು. ಬಾಳಪ್ಪ ನಾಲಗೆ ಕಚ್ಚಿಕೊಂಡು ನಿಧಾನಕ್ಕೆ ಸಹಿ ಹಾಕಿದ.

ತಿಂಗಳ ಮೇಲೆ ಅರ್ಜಿ ತಿರುಗಿ ಬಂತು. ವೈದ್ಯರ ಪ್ರಮಾಣಪತ್ರ ಲಗತ್ತಿಸಿಲ್ಲ, ಕೋರಿಕೆ ತಿರಸ್ಕರಿಸಿದೆ. ಇಲ್ಲದ ಜ್ವರಕ್ಕೆ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ನಿಜ ಬರೆದಿದ್ದರೆ ಚೌಕಿಯ ಪುಸ್ತಕವೇ ಸಾಕ್ಷಿಯಾಗುತ್ತಿತ್ತು. ಆ ಕಾಗದವನ್ನು ನಾನೇ ಅವನ ಕಡತದಲ್ಲಿ ಸೇರಿಸಿ ದಾರ ಕಟ್ಟಿದೆ. ದಾರ ಉದ್ದವಾಗಿತ್ತು. ಬಾಳಪ್ಪ ಬಗ್ಗಿ ಹೆಚ್ಚಾದ ತುದಿಯನ್ನು ಹಲ್ಲಿನಿಂದ ಕಡಿದುಕೊಟ್ಟ.

ಏಪ್ರಿಲಿನಲ್ಲಿ ನನ್ನ ವರ್ಗದ ಆದೇಶ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ನನಗೆ ಅಷ್ಟು ಧೈರ್ಯವೂ ಇರಲಿಲ್ಲ. ಹಂಗು ಹರಿದುಕೊಂಡು ಹೋಗೋಣವೆಂದು ಖಡೇಬಜಾರಿನಲ್ಲಿ ಒಂದು ಒಳ್ಳೆಯ ಮಡಚುವ ಚಾಕು ಕೊಂಡೆ. ಹಿತ್ತಾಳೆಯ ಕೊನೆ, ಸೀಸಂ ಕಟ್ಟಿಗೆಯ ಹಿಡಿಕೆ. ಕೊನೆಯ ದಿನ ಅದನ್ನು ಬಾಳಪ್ಪನ ಕೈಯಲ್ಲಿ ಕೊಡಲು ಹೋದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

“ಕೆಳಗ ಇಡ್ರಿ ಅಕ್ಕಾರ.”

ನಾಚಿಕೊಂಡು ಮೇಜಿನ ಮೇಲಿಟ್ಟೆ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಎತ್ತಿಕೊಳ್ಳಲಿಲ್ಲ.

“ಬ್ಯಾಡ್ರಿ. ಹಲ್ಲ ಇನ್ನೂ ಗಟ್ಟಿ ಅದಾವು,” ಎಂದು ನಕ್ಕು, ನನ್ನ ಚೀಲ ಹೊತ್ತು ಸ್ಟೇಷನ್ನಿನವರೆಗೂ ಬಂದ.

ಅಂದಿನಿಂದ ಆ ಚಾಕು ನನ್ನ ಬ್ಯಾಗಿನಲ್ಲೇ ಇದೆ. ಹಾಲಿನ ಪ್ಯಾಕೆಟ್ಟು, ಪಾರ್ಸೆಲ್ಲಿನ ದಾರ, ಮಧ್ಯಾಹ್ನದ ಸೌತೆಕಾಯಿ ಎಲ್ಲ ಅದರಿಂದಲೇ. ಗೇಟಿರುವ ಕಡೆ ಹೋಗುವ ದಿನ ಮರೆಯದೆ ಮನೆಯಲ್ಲಿಟ್ಟು ಹೋಗುತ್ತೇನೆ. ಆ ಪಾಠ ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಹೋದ ತಿಂಗಳ ಆ ದಿನ, ಕ್ರಾಸಿಂಗಿನ ಎದುರು ರೈಲು ಸದ್ದು ಮಾಡುತ್ತ ದಾಟಿ ಹೋಯಿತು. ನಮ್ಮ ರೈಲು ಕೂಗಿತು. ನಾನು ಎದ್ದು ದೇಸೂರಿನಲ್ಲಿ ಇಳಿದುಬಿಟ್ಟೆ. ಖಾನಾಪುರದಲ್ಲಿ ಏನು ಕೆಲಸವಿತ್ತೋ ಅದು ಇನ್ನೂ ಹಾಗೇ ಇದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕಂಬಳಿ ಹಾಸಿಕೊಂಡು ಬಾಳಪ್ಪ ಕುಳಿತಿದ್ದ. ಗೋಡೆಯ ಗೂಟಕ್ಕೆ ನಾಲ್ಕು ಆಡು ಕಟ್ಟಿದ್ದರು. ಮಗ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಹೋಗಿದ್ದ, ಸೊಸೆ ಮೊಮ್ಮಗಳ ಜಡೆ ಹಾಕುತ್ತಿದ್ದಳು. “ಅಕ್ಕಾರ! ಬರ್ರಿ, ಕುಂದರ್ರಿ,” ಎಂದ ಬಾಯಲ್ಲಿ ಮುಂದಿನ ಹಲ್ಲುಗಳು ಒಂದೂ ಇರಲಿಲ್ಲ. ಅರವತ್ತಾದ ದಿನ ದಿನಗೂಲಿಯಿಂದಲೇ ಕೆಲಸ ಬಿಡಿಸಿದ್ದರು. ಪೆನ್ಶನ್ ಇಲ್ಲ. ನಾನು ಕೇಳದೆಯೇ ತಿಳಿಯುವ ಸಂಗತಿ ಅದು.

ಅವನ ಹೆಂಡತಿ ಲಗಮವ್ವ ಆಗತಾನೆ ಹೊಲದ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನಾನು ಯಾರೆಂದು ತಿಳಿದು ಸೆರಗಿಗೆ ಕೈ ಒರೆಸಿಕೊಂಡು ಬುಟ್ಟಿಯಲ್ಲಿ ಪೇರಲ ತಂದಳು. “ಇವರಿಗೆ ಹಲ್ಲಿಲ್ರಿ, ಹೆಚ್ಚಿ ಕೊಡಬೇಕು. ಇಳಗಿ ತರ್ತೇನಿ ತಡೀರಿ.”

ನಾನು ಬ್ಯಾಗಿನಿಂದ ಚಾಕು ತೆಗೆದೆ. ಈ ಸಲ ಮರೆಯಲಿಲ್ಲ. ಕಂಬಳಿಯ ಮೇಲೆ, ಅವನ ಮೊಣಕಾಲಿನ ಹತ್ತಿರ ಇಟ್ಟೆ. ಬಾಳಪ್ಪ ಅದರ ಗುರುತು ಹಿಡಿದ. ಸೀಸಂ ಹಿಡಿಕೆಯನ್ನು ಹೆಬ್ಬೆರಳಿನಿಂದ ಸವರಿದ. ಎತ್ತಿಕೊಂಡ. ಬಿಡಿಸಿ, ಒಂದು ಹಣ್ಣನ್ನು ತೆಳ್ಳಗೆ ಹೆಚ್ಚಿ ಮೊದಲ ಹೋಳು ನನಗೆ ಕೊಟ್ಟ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅಲ್ಲಿಗೇ ಎದ್ದು ಬಂದಿದ್ದರೆ ಈ ಬರಹ ಸುಖವಾಗಿ ಮುಗಿಯುತ್ತಿತ್ತು.

ಲಗಮವ್ವ ಚಾಕುವನ್ನು ನೋಡಿ ನಕ್ಕಳು. “ನಮ್ಮ ಮನ್ಯಾಗ ಚಾಕು ಅಂದ್ರ ಮೈ ಉರೀತೈತ್ರಿ ಅಕ್ಕಾರ. ಕಾಯಂ ಮಾಡೂ ದಿನ ಈ ಯಪ್ಪ ಮರತು ಕಿಸೇದಾಗ ಚಾಕು ಹಾಕ್ಕೊಂಡ ಹೋಗ್ಯಾರ! ‘ನಂದ ತಪ್ಪು, ಮರತ್ನಿ’ ಅಂತ ಬಂದು ಹೇಳಿದ್ರು. ಎಂಟ ವರ್ಸಾತು, ಕೂಲಿಗೆ ಹೋಗೂವಾಗೊಮ್ಮೆ ಬೈತೇನಿ, ಬಂದಮ್ಯಾಲೊಮ್ಮೆ ಬೈತೇನಿ. ನೀವು ಪಾಪ ಕಡತ ಹಿಡ್ಕೊಂಡ ಸಂಜೀಮಟ ಕಾದಿದ್ರಂತ. ನಿಮ್ಮ ಹೆಸರು ತಗದ್ರ ಕೈ ಮುಗೀತಾರ.”

ನಾನು ಬಾಳಪ್ಪನನ್ನು ನೋಡಿದೆ. ಅವನು ತಲೆ ಎತ್ತದೆ ಪೇರಲದ ಬೀಜ ಬಿಡಿಸುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ಸುಳ್ಳು ಸಿಕ್ಕಿಬಿದ್ದದ್ದಕ್ಕೆ ನಾಚಿದವನು ಅವನು, ನಾನಲ್ಲ!

“ಲಗಮವ್ವಾ,” ಎಂದೆ. “ಚಾಕು ಅವರ ಕಿಸೇದಾಗ ಇರಲಿಲ್ಲ. ನನ್ನ ಬ್ಯಾಗಿನಾಗ ಇತ್ತು. ನಾನ ಹಾಕಿದ್ದೆ. ಕೇಳಿದಾಗ ಅವರ ಮ್ಯಾಲೆ ಹಾಕಿದೆ. ಅರ್ಜೀನೂ ಸುಳ್ಳ ಬರದೆ.”

ಸೊಸೆಯ ಕೈ ಜಡೆಯಲ್ಲೇ ನಿಂತಿತು. ಲಗಮವ್ವ ನನ್ನ ಕಡೆ ತಿರುಗಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

“ಮತ್ತ ಇಷ್ಟ ವರ್ಸ ನನ್ನ ಕಡಿಂದ ಸುಮ್ನ ಬೈಸ್ಕೊಂಡ್ರಿ?”

“ಹೋಗ್ಲಿ ಬಿಡ,” ಎಂದ ಬಾಳಪ್ಪ. “ಸಂತ್ಯಾಗ ಅಲ್ಲ, ಮನ್ಯಾಗ ಬೈದಿ. ಹೊರಗಿನವರ ಬೈದ್ರ ಚಿಂತಿ.” ಯಾರೂ ನಗಲಿಲ್ಲ.

ನಾನು ಎದ್ದೆ. ಅವನು ಚಾಕುವನ್ನು ಧೋತರದ ಅಂಚಿಗೆ ಒರೆಸಿ, ಮಡಚಿ, ಕಂಬಳಿಯ ಮೇಲಿಟ್ಟ. ನಾನೇ ಎತ್ತಿಕೊಳ್ಳಲೆಂದೋ, ಅಲ್ಲೇ ಇರಲೆಂದೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಲಗಮವ್ವ ಬಗ್ಗಿ ಅದನ್ನು ತೆಗೆದುಕೊಂಡು ನನ್ನೆದುರು ಬಂದು ಕೈ ಚಾಚಿದಳು.

“ಏ, ಕೆಳಗ ಇಡ. ಕೈಯಾಗ ಕೊಡಬ್ಯಾಡ,” ಎಂದ ಬಾಳಪ್ಪ, ಎದ್ದು ನಿಲ್ಲಲು ಹೋಗುತ್ತ.

ಅವಳಿಗೆ ಕೇಳಿಸಿತ್ತು. ಚಾಚಿದ ಕೈ ಇಳಿಸಲಿಲ್ಲ.

“ತಗೋರಿ,” ಎಂದಳು.

ನಾನು ಕೈಯೊಡ್ಡಿದೆ.